ಅಕ್ಕನ ಹೆಬ್ಬೆರಳು ಮತ್ತು ಸರ್ಕಾರದ ಖರ್ಚು

ಮೊನ್ನೆ ಮದುವೆ ಮನೆಯಲ್ಲಿ ಊಟಕ್ಕೆ ಕೂತಾಗ ಪಕ್ಕದವರು ಅಂದರು: "ಟ್ಯಾಕ್ಸ್ ಕಟ್ಟೋದು ನಾವು, ಕೂತು ತಿನ್ನೋದು ಅವರು." ಗೃಹಲಕ್ಷ್ಮಿ ಬಗ್ಗೆ ಮಾತು. ಅನ್ನ ಗಂಟಲಲ್ಲಿ ಇಳಿಯಲಿಲ್ಲ.

ಕಾರವಾರದ ಮೀನು ಪೇಟೆಯಲ್ಲಿ ನನಗೆ ಬಂಗಡೆ ಕೊಡುವ ಅಕ್ಕ ಇದ್ದಾರೆ. ನಸುಕಿಗೇ ಬೈತಖೋಲ ಬಂದರಿಗೆ ಹೋಗಿ ಮೀನು ತರುವವರು. ಪ್ರತಿ ವರ್ಷ ಜೂನ್ 1ರಿಂದ ಜುಲೈ 31ರವರೆಗೆ ಮಳೆಗಾಲದ ಮೀನುಗಾರಿಕೆ ನಿಷೇಧ, ಬೋಟ್ ಬಂದ್. ಆಗ ಒಣಮೀನು, ಸಿಕ್ಕ ಕೂಲಿ, ಇಷ್ಟೇ ಗತಿ. 2022ರ ಮಳೆಗಾಲದಲ್ಲಿ ಅವರ ಕಾಲಿನ ಹೆಬ್ಬೆರಳಿಗೆ ಗಾಯವಾಗಿತ್ತು. ಹಳೇ ಸೀರೆಯ ಚೂರು ಸುತ್ತಿದ್ದರು. ಮೊದಲೇ ಸಕ್ಕರೆ ಕಾಯಿಲೆ. ಡಾಕ್ಟರಿಗೆ ತೋರಿಸಿ ಅಂದೆ. "ಬೋಟ್ ಶುರು ಆಗ್ಲಿ ತಮ್ಮಾ, ಆಮೇಲೆ ಹೋಗ್ತೆ" ಅಂದರು. ಸರ್ಕಾರಿ ಆಸ್ಪತ್ರೆ ಇದೆಯಲ್ಲ ಅಂತೀರಿ. ಇದೆ. ಅರ್ಧ ದಿನ ಸಾಲಿನಲ್ಲಿ ನಿಂತರೆ ಆ ದಿನದ ಕೂಲಿ ಹೋಯಿತು, ಅಲ್ವಾ?

ಬೋಟ್ ಶುರುವಾಗುವಷ್ಟರಲ್ಲಿ ಬೆರಳು ಕಪ್ಪಾಗಿತ್ತು. ದೂರದ ದೊಡ್ಡ ಆಸ್ಪತ್ರೆಯಲ್ಲಿ ಅರ್ಧ ಪಾದ ತೆಗೆದರು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಬರುವ ಕಾರ್ಡಿನಲ್ಲಿ ಬಿಲ್ ಹೋಯಿತು. ಅಂದರೆ ಸರ್ಕಾರ ಕಟ್ಟಿತು. ಒಂದು ಮುಲಾಮು, ನಾಲ್ಕು ಮಾತ್ರೆಯಲ್ಲಿ ಮುಗಿಯಬೇಕಿದ್ದ ಖರ್ಚು ಅದು. ಒಂದು ವರ್ಷ ಬುಟ್ಟಿ ಎತ್ತಲಿಲ್ಲ. ದುಡಿಮೆ ನಿಂತಿತು, ಅಂಗಡಿಯಲ್ಲಿ ಕೊಳ್ಳೋದೂ ನಿಂತಿತು. ಮಗ ಪಿಯುಸಿ ಬಿಟ್ಟು ಬೋಟ್ ಹತ್ತಿದ. ಓದಿ ನೌಕರಿ ಹಿಡಿದಿದ್ದರೆ ಅವನೂ ನಾಳೆ ತೆರಿಗೆ ಕಟ್ಟುತ್ತಿದ್ದ. ಬಡತನದಿಂದ ಖಜಾನೆಗೆ ಹೀಗೆ ಎರಡೂ ಕಡೆಯಿಂದ ಹೊಡೆತ.

ಇನ್ನು, ಬಡವರು ತೆರಿಗೆ ಕಟ್ಟೋದಿಲ್ಲ ಅನ್ನೋದೇ ಸುಳ್ಳು. 2025ರ ಸೆಪ್ಟೆಂಬರ್ 22ಕ್ಕೆ 5 ಪರ್ಸೆಂಟಿಗೆ ಇಳಿಯುವವರೆಗೂ ಮೈಸೋಪಿನ ಮೇಲೆ 18 ಪರ್ಸೆಂಟ್ ಜಿಎಸ್‌ಟಿ ಇತ್ತು. ಅಕ್ಕನ ಸೋಪಿಗೂ ಅಷ್ಟೇ, ಆ ಪಕ್ಕದವರ ಸೋಪಿಗೂ ಅಷ್ಟೇ. ಈಗ ಹೊಸ ಪದ್ಧತಿಯಲ್ಲಿ ವರ್ಷಕ್ಕೆ 12 ಲಕ್ಷ ದುಡಿದರೂ ಆದಾಯ ತೆರಿಗೆ ಇಲ್ಲ. ಅದೂ ಸರ್ಕಾರ ಬಿಟ್ಟುಕೊಟ್ಟ ದುಡ್ಡೇ. ಅದನ್ನು ಯಾರೂ ಬಿಟ್ಟಿ ಭಾಗ್ಯ ಅನ್ನೋದಿಲ್ಲ. ನನಗೆ ಸಿಟ್ಟು ಬರೋದು ಇಲ್ಲೇ.

ಅಕ್ಕ ಈಗ ಸ್ಟೂಲ್ ಮೇಲೆ ಕೂತು ಮಾರುತ್ತಾರೆ. 2023ರಲ್ಲಿ ಗೃಹಲಕ್ಷ್ಮಿ ಬಂದ ಮೇಲೆ, ಆ 2000 ಖಾತೆಗೆ ಬಿದ್ದ ಕೂಡಲೇ ಮೊದಲು ತರೋದು ಸಕ್ಕರೆ ಮಾತ್ರೆ. ಉಳಿದದ್ದು ಓಣಿಯ ಕಿರಾಣಿ ಅಂಗಡಿಗೆ. ಹೋದ ಜೂನ್, ಜುಲೈನಲ್ಲೂ ಮಾತ್ರೆ ಬಿಡಲಿಲ್ಲವಂತೆ.

ಆವತ್ತು ಊಟದ ಎಲೆ ಮುಂದೆ ಇದನ್ನೆಲ್ಲ ಹೇಳಬೇಕಿತ್ತು. ಸುಮ್ನೆ ಕೂತೆ. ಅದಕ್ಕೇ ಇಲ್ಲಿ ಬರೆದಿದ್ದೇನೆ.