ಮುಖವಾಡದವನ ಕರೆಂಟ್ ಬಿಲ್

ಮುಖವಾಡದ ಕೊಲೆಗಾರನ ಮತ್ತೊಂದು ಹಾರರ್ ಸಿನಿಮಾದ ಟ್ರೈಲರ್ ಬಂದಿದೆ. ನೀವೂ ನೋಡಿರುತ್ತೀರಿ. ನೋಡಿಲ್ಲದಿದ್ದರೂ ಪರವಾಗಿಲ್ಲ, ಹಿಂದಿನದನ್ನು ನೋಡಿದ್ದರೆ ಸಾಕು. ವರ್ಷಗಟ್ಟಲೆ ಬೀಗ ಬಿದ್ದ ಅಮ್ಯೂಸ್‌ಮೆಂಟ್ ಪಾರ್ಕು. ತುಕ್ಕು ಹಿಡಿದ ಜೈಂಟ್ ವೀಲ್. ಐದಾರು ಹುಡುಗ ಹುಡುಗಿಯರು, ಒಂದು ಬೇಲಿ, ಬೇಲಿಯಲ್ಲೊಂದು ಕಂಡಿ. ‘ಒಳಗೆ ಹೋಗೋದು ಬೇಡ ಕಣ್ರೋ’ ಅನ್ನುವವಳು ಒಬ್ಬಳು. ಅವಳು ಕೊನೆವರೆಗೂ ಬದುಕಿರುತ್ತಾಳೆ. ಉಳಿದವರ ಹೆಸರು ನೆನಪಿಟ್ಟುಕೊಳ್ಳುವ ಕಷ್ಟ ಪಡಬೇಡಿ.

ನನ್ನ ತಕರಾರು ಕೊಲೆಗಳ ಬಗ್ಗೆ ಅಲ್ಲ. ಕರೆಂಟಿನ ಬಗ್ಗೆ.

ಪಾರ್ಕಿನ ಮಾಲೀಕ ಎಂದೋ ದಿವಾಳಿ ಎದ್ದು ಹೋಗಿದ್ದಾನೆ. ಟಿಕೆಟ್ ಕೌಂಟರಿನೊಳಗೆ ಮರ ಬೆಳೆದಿದೆ. ಆದರೂ ಹುಡುಗರು ಕಾಲಿಟ್ಟ ಹತ್ತೇ ನಿಮಿಷಕ್ಕೆ ದೆವ್ವದ ಮನೆಯ ಬಲ್ಬುಗಳೆಲ್ಲ ಝಗ್ಗನೆ ಹೊತ್ತಿಕೊಳ್ಳುತ್ತವೆ. ಮೆರ್ರಿ ಗೋ ರೌಂಡಿನ ಕುದುರೆಗಳು ತಿರುಗುತ್ತವೆ. ಎಲ್ಲಿಂದಲೋ ಜೋಕರ್ ನಗುವ ಟೇಪು ಕೇಳಿಸುತ್ತದೆ. ಮೀಟರ್ ಇನ್ನೂ ಇದೆಯಾ? ಬಿಲ್ ಕಟ್ಟುವವರು ಯಾರು? ಎರಡು ತಿಂಗಳು ಬಾಕಿ ಇಟ್ಟರೆ ನಮ್ಮ ನಿಮ್ಮ ಮನೆಯ ಫ್ಯೂಸ್ ಕಿತ್ತುಕೊಂಡು ಹೋಗುತ್ತಾರೆ. ಕೊಲೆಗಾರನಿಗೆ ಮಾತ್ರ ಸರಾಗ ಸಪ್ಲೈ.

ಈ ದೆವ್ವದ ಮನೆಯೊಳಗೆ ಜನರನ್ನು ಕೂರಿಸಿಕೊಂಡು ಸುತ್ತಿಸುವ ಬಂಡಿಗಳು ಸುಮ್ನೆ ಓಡುವಂಥವಲ್ಲ. ಅಮೆರಿಕದ ನ್ಯೂಜೆರ್ಸಿಯಲ್ಲಿ ಪ್ರೆಟ್ಜೆಲ್ ಅನ್ನುವ ಕಂಪನಿ 1928ರ ಹೊತ್ತಿಗೆ ಇವನ್ನು ಮಾಡಿ ಮಾರತೊಡಗಿತು. ನೆಲದಲ್ಲಿ ಒಂದೇ ಹಳಿ. ಅದರ ಮೇಲೆ ವಿದ್ಯುತ್ತಿನಿಂದ ಓಡುವ ಸಣ್ಣ ಬಂಡಿ. ಕತ್ತಲಲ್ಲಿ ಗಕ್ಕನೆ ತಿರುಗಿ ನಿಮ್ಮನ್ನು ಬೆಚ್ಚಿಬೀಳಿಸುವುದೇ ಅದರ ಕೆಲಸ. ಇಂಥದ್ದಕ್ಕೆ ಹಳಿ ಚೊಕ್ಕವಾಗಿರಬೇಕು, ಚಕ್ರಕ್ಕೆ ಗ್ರೀಸ್ ಬೇಕು, ವೈರನ್ನು ಇಲಿ ಕಡಿದಿರಬಾರದು. ನಡೆಯುತ್ತಿರುವ ಪಾರ್ಕುಗಳಲ್ಲೇ ವಾರಕ್ಕೊಮ್ಮೆ ‘ರಿಪೇರಿಯಲ್ಲಿದೆ’ ಬೋರ್ಡು ತೂಗುತ್ತದೆ. ಮುಚ್ಚಿದ ಪಾರ್ಕಿನಲ್ಲಿ ಮಾತ್ರ ಎಲ್ಲವೂ ಮೊದಲ ಸ್ವಿಚ್ಚಿಗೇ ಶುರು.

ಹಾಗಾಗಿ ನಾನು ಒಂದು ತೀರ್ಮಾನಕ್ಕೆ ಬಂದಿದ್ದೇನೆ. ಇಡೀ ಪಾರ್ಕಿನ ಮೆಂಟೆನೆನ್ಸ್ ಮುಖವಾಡದವನದೇ. ಹಗಲೆಲ್ಲ ಹಳಿ ಉಜ್ಜುತ್ತಾನೆ, ಸುಟ್ಟ ಬಲ್ಬು ಬದಲಿಸುತ್ತಾನೆ, ಬೊಂಬೆಗಳ ಧೂಳು ಹೊಡೆಯುತ್ತಾನೆ. ರಾತ್ರಿ ಪಾಳಿಯಲ್ಲಿ ಕೊಲೆ. ಸಂಬಳ ಇಲ್ಲ, ರಜೆ ಇಲ್ಲ, ಓವರ್‌ಟೈಮ್ ಕೇಳಿಲ್ಲ. ಮಾಲೀಕ ಬಿಟ್ಟುಹೋದ ಕೆಲಸವನ್ನು ತಲೆಯ ಮೇಲೆ ಹೊತ್ತುಕೊಂಡ ಇಂಥ ಪುಣ್ಯಾತ್ಮನನ್ನು ಕೊನೆಯ ದೃಶ್ಯದಲ್ಲಿ ಆ ಹುಡುಗಿ ಗಿಯರಿಗೆ ಸಿಕ್ಕಿಸಿ ಸಾಯಿಸುತ್ತಾಳೆ. ಎಂಥ ಅನ್ಯಾಯ ಅಲ್ವಾ?

ಹಿಂದಿನ ಸಿನಿಮಾದವರೆಲ್ಲ ಇಷ್ಟು ಸೋಮಾರಿಗಳಾಗಿರಲಿಲ್ಲ. 1981ರ ‘ದಿ ಫನ್‌ಹೌಸ್’ನಲ್ಲಿ ನಿರ್ದೇಶಕ ಟೋಬಿ ಹೂಪರ್ ಊರೂರು ತಿರುಗುವ ಕಾರ್ನಿವಲ್ ಇಟ್ಟಿದ್ದ. ನಾಲ್ವರು ರಾತ್ರಿ ಒಳಗೇ ಅಡಗಿ ಕೂರುತ್ತಾರೆ. ಕಾರ್ನಿವಲ್ ಇನ್ನೂ ಊರು ಬಿಟ್ಟಿಲ್ಲ, ಆದ್ದರಿಂದ ಕರೆಂಟ್ ಇದೆ. ಕೊಲೆಗಾರನಿಗೆ ಮುಖವಾಡ ಯಾಕೆ ಅನ್ನುವುದಕ್ಕೂ ಕಾರಣ ಇದೆ. 2018ರ ‘ಹೆಲ್ ಫೆಸ್ಟ್’ನಲ್ಲೂ ಪಾರ್ಕು ನಡೆಯುತ್ತಲೇ ಇರುತ್ತದೆ. ಕಣ್ಣೆದುರೇ ಕೊಲೆಯಾದರೂ ನೋಡುವವರು ‘ಎಷ್ಟು ಚೆನ್ನಾಗಿ ಮಾಡ್ತಾರೆ’ ಅಂದುಕೊಳ್ಳುತ್ತಾರೆ. ಆ ಒಂದು ಯೋಚನೆಗೆ ಶಹಬ್ಬಾಸ್ ಅನ್ನಬೇಕು. ಬಾಕಿದ್ದು ಮಾಮೂಲಿ.

ಪಾಳುಬಿದ್ದ ಪಾರ್ಕಿನ ಮೇಲೆ ನಿರ್ಮಾಪಕರಿಗೆ ಇಷ್ಟೊಂದು ಮೋಹ ಯಾಕೆ ಅಂತ ಊಹಿಸುವುದು ಕಷ್ಟವಲ್ಲ. ಸೆಟ್ ಹಾಕುವ ಖರ್ಚಿಲ್ಲ. ನ್ಯೂ ಆರ್ಲಿಯನ್ಸಿನ ಸಿಕ್ಸ್ ಫ್ಲ್ಯಾಗ್ಸ್ ಪಾರ್ಕು 2005ರಲ್ಲಿ ಕತ್ರಿನಾ ಚಂಡಮಾರುತದ ನೀರಿನಲ್ಲಿ ಮುಳುಗಿತು. ಮತ್ತೆ ತೆರೆಯಲೇ ಇಲ್ಲ. ಜನ ಬರುವುದು ನಿಂತಿತು, ಕ್ಯಾಮೆರಾದವರು ಬರತೊಡಗಿದರು.

ಮುಖವಾಡದವನು ಯಾವತ್ತೂ ಓಡುವುದಿಲ್ಲ, ಗಮನಿಸಿದ್ದೀರಾ? ಹುಡುಗರು ದಿಕ್ಕೆಟ್ಟು ಓಡುತ್ತಾರೆ, ಇವನು ಊಟ ಮುಗಿಸಿ ವಾಕಿಂಗ್ ಹೊರಟವರ ಹಾಗೆ ಬರುತ್ತಾನೆ. ಆದರೂ ಅವರಿಗಿಂತ ಮೊದಲೇ ಬಾಗಿಲಲ್ಲಿರುತ್ತಾನೆ. ಅವರು ಮಾತ್ರ ಓಡುವುದು ಬಿಟ್ಟು ಬಂಡಿಯಲ್ಲಿ ಹೋಗಿ ಕೂರುತ್ತಾರೆ. ಆ ಬಂಡಿ ಇವನ ನಡಿಗೆಗಿಂತ ನಿಧಾನ. ಕೂರುವಾಗ ಕಂಬಿಯನ್ನು ತೊಡೆಯ ಮೇಲೆ ಎಳೆದುಕೊಳ್ಳುವುದನ್ನೂ ಮರೆಯುವುದಿಲ್ಲ. ಸುರಕ್ಷತೆ ಮುಖ್ಯ ನೋಡಿ.

ಇಂಥ ಜಾಗದಲ್ಲಿ ನಿಜವಾಗಿ ನಡೆದದ್ದೇನು ಅಂತ ಈ ಕಥೆಗಾರರು ಒಮ್ಮೆ ಓದಿದರೆ ಪೆನ್ನು ಕೆಳಗಿಡುತ್ತಾರೆ. ಎಲ್ಮರ್ ಮೆಕರ್ಡಿ ಅಂತ ಒಬ್ಬ ಕಳ್ಳ ಇದ್ದ. ಕಳ್ಳ ಅನ್ನುವುದೂ ಜಾಸ್ತಿಯೇ. 1911ರಲ್ಲಿ ಒಕ್ಲಹೋಮಾದಲ್ಲಿ ದುಡ್ಡಿನ ಪೆಟ್ಟಿಗೆ ಸಾಗಿಸುವ ರೈಲು ದೋಚಲು ಹೋಗಿ ಪ್ಯಾಸೆಂಜರ್ ರೈಲು ಹಿಡಿದ. ಸಿಕ್ಕಿದ್ದು 46 ಡಾಲರ್ ಮತ್ತು ಸ್ವಲ್ಪ ವಿಸ್ಕಿ. ಕೆಲವೇ ದಿನದಲ್ಲಿ ಗುಂಡು ತಿಂದು ಸತ್ತ. ಹೆಣ ಕೇಳಿಕೊಂಡು ಯಾರೂ ಬರಲಿಲ್ಲ. ಶವ ಕೆಡದ ಹಾಗೆ ಔಷಧಿ ಹಾಕಿದ್ದವನು ಅದನ್ನೇ ನಿಲ್ಲಿಸಿ, ನೋಡಲು ಬಂದವರಿಂದ ಕಾಸು ವಸೂಲಿ ಮಾಡಿದ. ಆಮೇಲೆ ಕಾರ್ನಿವಲ್‌ನವರು ಬಂಧುಗಳ ಹಾಗೆ ನಟಿಸಿ ಹೊತ್ತೊಯ್ದರು. ಕೈಯಿಂದ ಕೈಗೆ ದಾಟಿ, ಬಣ್ಣ ಬಳಿಸಿಕೊಂಡು, ಕೊನೆಗೆ ಕ್ಯಾಲಿಫೋರ್ನಿಯಾದ ಲಾಂಗ್ ಬೀಚ್‌ನಲ್ಲಿ ಒಂದು ದೆವ್ವದ ಮನೆಯಲ್ಲಿ ಬೊಂಬೆಯಾಗಿ ನೇತಾಡುತ್ತಿದ್ದ. 1976ರಲ್ಲಿ ಟೀವಿ ಶೂಟಿಂಗಿಗೆ ಬಂದವರು ಅಡ್ಡ ಇದ್ದ ಬೊಂಬೆಯನ್ನು ಸರಿಸಲು ಹೋದರು. ತೋಳು ಮುರಿದು ಕೈಗೆ ಬಂತು. ಒಳಗೆ ಮೂಳೆ. ಬಾಯಲ್ಲಿ 1924ರ ಒಂದು ನಾಣ್ಯವೂ ಹಳೇ ಟಿಕೆಟ್ ಚೂರುಗಳೂ ಸಿಕ್ಕವು. ಮರುವರ್ಷ ಒಕ್ಲಹೋಮಾದಲ್ಲಿ ಹೂತು, ಮತ್ತೆ ಯಾರೂ ಎತ್ತಿಕೊಂಡು ಹೋಗಬಾರದು ಅಂತ ಮೇಲೆ ಕಾಂಕ್ರೀಟ್ ಸುರಿದರು. ಬದುಕಿದ್ದಾಗ ಒಂದು ರೈಲನ್ನು ನೆಟ್ಟಗೆ ಹಿಡಿಯಲಾಗದವನು ಸತ್ತ ಮೇಲೆ ಅರವತ್ತು ವರ್ಷ ದುಡಿದ. ಅದೂ ಬೇರೆಯವರಿಗೆ.

ಅಲ್ಲಿ ಹೆಣವನ್ನು ಬೊಂಬೆ ಅಂದುಕೊಂಡಿದ್ದರು. ಈ ಮಾತಿಗೆ ನಗಬಹುದು. ಮುಂದಿನದಕ್ಕೆ ಆಗುವುದಿಲ್ಲ.

1984ರ ಮೇ 11. ನ್ಯೂಜೆರ್ಸಿಯ ಜಾಕ್ಸನ್‌ನಲ್ಲಿ ಸಿಕ್ಸ್ ಫ್ಲ್ಯಾಗ್ಸ್ ಗ್ರೇಟ್ ಅಡ್ವೆಂಚರ್ ಪಾರ್ಕು. ಅಲ್ಲಿನ ‘ಹಾಂಟೆಡ್ ಕ್ಯಾಸಲ್’ ಅನ್ನುವ ದೆವ್ವದ ಕೋಟೆಗೆ ಬೆಂಕಿ ಬಿತ್ತು. ಎಂಟು ಜನ ಸತ್ತರು, ಎಲ್ಲರೂ ಹದಿಹರೆಯದವರು. ಹುಡುಕಲು ಹೋದ ಸಿಬ್ಬಂದಿ ಸುಟ್ಟ ದೇಹಗಳನ್ನು ಮೊದಲು ಬೊಂಬೆ ಅಂದುಕೊಂಡಿದ್ದರು. ಮುಖವಾಡದವನು ಯಾರೂ ಬಂದಿರಲಿಲ್ಲ. ಕತ್ತಲಲ್ಲಿ ದಾರಿ ಹುಡುಕಲು ಹುಡುಗನೊಬ್ಬ ಹಚ್ಚಿದ ಲೈಟರ್ ಗೋಡೆಯ ಫೋಮಿಗೆ ತಾಗಿತು ಎಂಬ ಸಾಕ್ಷ್ಯ ಬಂತು. ಯಾರೋ ಬೇಕೆಂದೇ ಹಚ್ಚಿದ್ದು ಅಂತ ಕಂಪನಿ ವಾದಿಸಿತು. ಯಾರಾದರೂ ಹಚ್ಚಲಿ. ಒಳಗೆ ಬೆಂಕಿಗೆ ನೀರು ಚಿಮ್ಮಿಸುವ ಸ್ಪ್ರಿಂಕ್ಲರ್ ಇರಲಿಲ್ಲ. ಹೊಗೆ ಪತ್ತೆಹಚ್ಚುವ ಸಾಧನ ಇರಲಿಲ್ಲ. ಯಾಕೆ ಇರಲಿಲ್ಲ? ಆ ಕೋಟೆ ಕಟ್ಟಡವೇ ಅಲ್ಲವಂತೆ. ಟ್ರಕ್ಕಿನ ಟ್ರೇಲರ್‌ಗಳನ್ನು ಒಂದಕ್ಕೊಂದು ಜೋಡಿಸಿ ಮಾಡಿದ್ದು. ಕೆಳಗೆ ಚಕ್ರ ಇತ್ತು. ಚಕ್ರ ಇದ್ದ ಮೇಲೆ ತಾತ್ಕಾಲಿಕ. ತಾತ್ಕಾಲಿಕ ಅಂದ ಮೇಲೆ ಕಟ್ಟಡದ ನಿಯಮ ಅನ್ವಯ ಆಗಲ್ಲ. ವರ್ಷಗಟ್ಟಲೆ ಅಲ್ಲೇ ನಿಂತಿದ್ದರೂ ತಾತ್ಕಾಲಿಕ. ಕೇಸು ನಡೆಯಿತು. 1985ರಲ್ಲಿ ಜ್ಯೂರಿ ಕಂಪನಿಯನ್ನು ನಿರ್ದೋಷಿ ಅಂದಿತು.

ಇದಕ್ಕೂ ಐದು ವರ್ಷ ಮೊದಲು, 1979ರ ಜೂನ್‌ನಲ್ಲಿ, ಸಿಡ್ನಿಯ ಲೂನಾ ಪಾರ್ಕಿನಲ್ಲಿ ಘೋಸ್ಟ್ ಟ್ರೈನ್ ಅನ್ನುವ ದೆವ್ವದ ಮನೆಗೆ ಬೆಂಕಿ ಬಿದ್ದಿತ್ತು. ಸತ್ತವರು ಏಳು, ಆರು ಮಕ್ಕಳು ಮತ್ತು ಒಬ್ಬ ಅಪ್ಪ. ಪಾಠ ಕಲಿಯಬೇಕಿದ್ದವರು ಅದನ್ನು ಪೇಪರಿನಲ್ಲಿ ಓದಿ ಮಡಚಿಟ್ಟರು ಅಂತ ಕಾಣುತ್ತದೆ.

ಜಾಕ್ಸನ್‌ನ ಬೆಂಕಿಯ ನಂತರ ಅಮೆರಿಕದ ಕಟ್ಟಡ ನಿಯಮಗಳಲ್ಲಿ ಇಂಥ ಮನೆಗಳಿಗೇ ಅಂತ ಬೇರೆ ವಿಭಾಗ ಸೇರಿತು. ಸ್ಪ್ರಿಂಕ್ಲರ್ ಇರಬೇಕು. ಹೊಗೆ ಕಂಡರೆ ಹೆದರಿಸುವ ಸದ್ದೆಲ್ಲ ನಿಲ್ಲಬೇಕು, ಹೊರಗೆ ಹೋಗುವ ದಾರಿಗೆ ದೀಪ ಹೊತ್ತಬೇಕು. ಇಷ್ಟು ಬರೆಯುವುದಕ್ಕೆ ಎಂಟು ಮಕ್ಕಳು ಸುಡಬೇಕಾಯಿತು.

ಕಥೆಗಾರರು ನಡೆಯುತ್ತಿರುವ ಪಾರ್ಕು ಬಿಟ್ಟು ಬೇಲಿ ಹಾರಿಸುವುದು ಬಹುಶಃ ಇದಕ್ಕೇ. ನಿಯಮ ಇರುವ ಕಡೆ ಹುಡುಗಿ ಸೆನ್ಸರ್ ಕೆಳಗೆ ನಾಲ್ಕು ಕಾಗದ ಸುಟ್ಟರೆ ಸಾಕು. ಜೋಕರ್ ನಗು ಬಂದ್. ಎಲ್ಲ ದೀಪ ಆನ್. ಮುಖವಾಡದವನು ಚಾಕು ಹಿಡಿದು ಟ್ಯೂಬ್‌ಲೈಟ್ ಬೆಳಕಲ್ಲಿ ಮಿಕಮಿಕ ನೋಡುತ್ತಾ ನಿಂತಿರುತ್ತಾನೆ. ಸಿನಿಮಾ ಇಪ್ಪತ್ತು ನಿಮಿಷಕ್ಕೇ ಮುಗಿಯುತ್ತದೆ, ಅದಕ್ಕೆ ಯಾರು ದುಡ್ಡು ಹಾಕುತ್ತಾರೆ?