ಹಾಜರಿ ಪುಸ್ತಕದ ಸೇವೆ

ಸೇವಾ ಕ್ಲಬ್ಬಿನ ವಾರದ ಸಭೆಯಲ್ಲಿ ಸೇವೆಯೊಂದನ್ನು ಬಿಟ್ಟು ಉಳಿದೆಲ್ಲವೂ ನಡೆಯುತ್ತದೆ. ಅಧ್ಯಕ್ಷರು ಗಂಟೆ ಬಾರಿಸುತ್ತಾರೆ. ಆಮೇಲೆ ಸ್ವಾಗತ, ಹಿಂದಿನ ಸಭೆಯ ವರದಿ, ಹುಟ್ಟುಹಬ್ಬದವರಿಗೆ ಚಪ್ಪಾಳೆ, ಅತಿಥಿಗಳ ಪರಿಚಯ, ಅತಿಥಿಗಳ ಭಾಷಣ, ಪ್ರಶ್ನೆಯಿಲ್ಲದ ಪ್ರಶ್ನೋತ್ತರ, ವಂದನಾರ್ಪಣೆ, ಮತ್ತೆ ಗಂಟೆ. ಹೊಸದಾಗಿ ಸೇರಿದವರು ಇಷ್ಟರಲ್ಲಿ ಸೇವೆ ಯಾವ ಮೂಲೆಯಲ್ಲಿದೆ ಎಂದು ಹುಡುಕುವುದು ಸಹಜ. ಪಕ್ಕದಲ್ಲಿ ಕುಳಿತ ಹಳಬರನ್ನು ಕೇಳಿದರೆ ಅವರು ಹಾಜರಿ ಪುಸ್ತಕವನ್ನು ಮುಂದಕ್ಕೆ ಸರಿಸಿ, ‘ಮೊದಲು ಸಹಿ ಹಾಕಿ’ ಎನ್ನುತ್ತಾರೆ. ಕೇಳಿದ ಪ್ರಶ್ನೆಗೆ ಅದೇ ಉತ್ತರವಾಗಿತ್ತು ಎಂದು ಹೊಳೆಯುವುದಕ್ಕೆ ಕೆಲವು ವರ್ಷ ಹಿಡಿಯುತ್ತದೆ.

ಇಂಥ ಕ್ಲಬ್ಬುಗಳಲ್ಲೊಂದಾದ ರೋಟರಿಯ ಹುಟ್ಟನ್ನು ನೋಡಿದರೂ ಅಷ್ಟೇ. 1905ರ ಫೆಬ್ರುವರಿ 23ರಂದು ಶಿಕಾಗೋದ ಯೂನಿಟಿ ಕಟ್ಟಡದ 711ನೇ ಕೊಠಡಿಯಲ್ಲಿ ನಾಲ್ವರು ಸೇರಿದರು. ಪಾಲ್ ಹ್ಯಾರಿಸ್ ವಕೀಲರು. ಉಳಿದ ಮೂವರಲ್ಲಿ ಒಬ್ಬರು ಕಲ್ಲಿದ್ದಲು ವ್ಯಾಪಾರಿ, ಒಬ್ಬರು ಗಣಿ ಎಂಜಿನಿಯರ್, ಇನ್ನೊಬ್ಬರು ದರ್ಜಿ ಅಂಗಡಿಯ ಮಾಲೀಕರು. ಯಾರ ತಲೆಯಲ್ಲೂ ಲೋಕಸೇವೆಯ ಯೋಚನೆ ಇರಲಿಲ್ಲ. ಸಣ್ಣ ಊರಿನಲ್ಲಿ ಬೆಳೆದಿದ್ದ ಹ್ಯಾರಿಸ್ ಅವರಿಗೆ ಮಹಾನಗರದಲ್ಲಿ ಕಕ್ಷಿದಾರರು ಸಿಕ್ಕಿದ್ದರು, ಗೆಳೆಯರು ಸಿಕ್ಕಿರಲಿಲ್ಲ. ಸರದಿಯ ಮೇಲೆ ಒಬ್ಬೊಬ್ಬರ ಕಚೇರಿಯಲ್ಲಿ ಕೂಡುವುದು, ಮಾತನಾಡುವುದು, ಸಾಧ್ಯವಾದರೆ ಪರಸ್ಪರ ವ್ಯಾಪಾರ ಒದಗಿಸುವುದು, ಇಷ್ಟೇ ಅವರ ಕಾರ್ಯಕ್ರಮ. ಈ ಕೊನೆಯ ಅಂಶವನ್ನು ಸ್ಮರಣ ಸಂಚಿಕೆಗಳು ಸ್ವಲ್ಪ ಮೆಲುದನಿಯಲ್ಲಿ ಹೇಳುತ್ತವೆ. ಐದನೆಯವರಾಗಿ ಬಂದ ಮುದ್ರಕ ಹ್ಯಾರಿ ರಗಲ್ಸ್ ಸಭೆಯಲ್ಲಿ ಎಲ್ಲರನ್ನೂ ಎಬ್ಬಿಸಿ ಹಾಡಿಸುವ ಪದ್ಧತಿ ತಂದರು. ಹೀಗೆ ಗೆಳೆತನ ಬಂತು, ವ್ಯಾಪಾರ ಬಂತು, ಹಾಡೂ ಬಂತು. ಸೇವೆ ಬಂದದ್ದು ಎರಡು ವರ್ಷದ ನಂತರ. ಅದೂ ಎಂಥ ಸೇವೆ! ನಗರದ ನಡುವೆ ಸಾರ್ವಜನಿಕ ಶೌಚಾಲಯ ಕಟ್ಟಿಸಬೇಕೆಂಬ ಚಳವಳಿ. ಅದಕ್ಕೆ ವಿರೋಧವೂ ಹುಟ್ಟಿತು. ಗಂಡಸರಿಗೆ ನಮ್ಮ ಪಾನಗೃಹಗಳಲ್ಲಿ ವ್ಯವಸ್ಥೆ ಇದೆಯಲ್ಲ ಎಂದು ಬಿಯರ್ ತಯಾರಕರು, ಹೆಂಗಸರಿಗೆ ನಮ್ಮ ಮಳಿಗೆಗಳಲ್ಲಿ ಇದೆಯಲ್ಲ ಎಂದು ದೊಡ್ಡ ಅಂಗಡಿಯವರು. ಕೊಳ್ಳಲು ಮನಸ್ಸಿಲ್ಲದವನ ದೇಹಬಾಧೆಯ ಬಗ್ಗೆ ಯೋಚಿಸಿದವರು, ಸುಮ್ಮನೆ ಹರಟಲು ಸೇರಿದ್ದ ಈ ವ್ಯಾಪಾರಿಗಳೇ ಎಂಬುದು ನನಗೆ ಬಹಳ ಇಷ್ಟವಾದ ಸಂಗತಿ.

ಹರಟಲು ಸೇರುವುದು ಸುಲಭ, ಪ್ರತಿ ವಾರವೂ ಸೇರುವುದು ಕಷ್ಟ. ಆದ್ದರಿಂದ ಹಾಜರಿಯ ನಿಯಮಗಳು ಬೆಳೆದವು. ಹಳೆಯ ರೋಟರಿ ಸದಸ್ಯರ ಮುಂದೆ ಈ ವಿಷಯ ಎತ್ತಿದರೆ ಅವರ ಕಣ್ಣಲ್ಲಿ ಹೊಳಪು ಬರುತ್ತದೆ. ಸತತ ನಾಲ್ಕು ಸಭೆ ತಪ್ಪಿಸಿದರೆ ಸದಸ್ಯತ್ವಕ್ಕೇ ಕುತ್ತು. ಒಂದು ಸಭೆ ತಪ್ಪಿತೆಂದರೆ ಹದಿನಾಲ್ಕು ದಿನದೊಳಗೆ ಬೇರೆ ಯಾವುದಾದರೂ ಕ್ಲಬ್ಬಿನ ಸಭೆಗೆ ಹೋಗಿ ಕೂತು, ಕೂತದ್ದಕ್ಕೆ ಚೀಟಿ ತಂದು ಕಾರ್ಯದರ್ಶಿಗಳಿಗೆ ಒಪ್ಪಿಸಬೇಕಿತ್ತು. ಈ ನಿಯಮದ ದೆಸೆಯಿಂದ ಜಗತ್ತಿನಾದ್ಯಂತ ಒಂದು ವಿಚಿತ್ರ ಯಾತ್ರಿಕರ ವರ್ಗ ಸೃಷ್ಟಿಯಾಯಿತು. ಮಗಳ ಮನೆಗೆ ಹೋದವರು, ಚಿಕಿತ್ಸೆಗೆಂದು ಪರವೂರಿಗೆ ಹೋದವರು, ಮಧುಚಂದ್ರಕ್ಕೆ ಹೋದವರು ಕೂಡ ಗುರುತಿಲ್ಲದ ಜನರ ನಡುವೆ ಕುಳಿತು, ಅರ್ಥವಾಗದ ಭಾಷೆಯ ವಂದನಾರ್ಪಣೆಗೆ ಚಪ್ಪಾಳೆ ತಟ್ಟಿ ಬಂದರು. ನೂರಕ್ಕೆ ನೂರು ಹಾಜರಿ ಉಳಿಸಿಕೊಂಡವರಿಗೆ ಎದೆಯ ಮೇಲೆ ಧರಿಸುವ ಪಿನ್ ಸಿಗುತ್ತಿತ್ತು. ಅದನ್ನು ಪಡೆದವರು ಕೋಟು ತೊಟ್ಟಾಗ ಭುಜ ಸ್ವಲ್ಪ ಹಿಂದಕ್ಕೆ ಹೋಗುವುದನ್ನು ಯಾರಾದರೂ ಗಮನಿಸಬಹುದು.

2016ರಲ್ಲಿ ರೋಟರಿಯ ಶಾಸನಸಭೆ ಈ ಬಿಗಿಯನ್ನೆಲ್ಲ ಸಡಿಲಿಸಿತು. ತಿಂಗಳಿಗೆ ಎರಡು ಸಭೆ ನಡೆಸಿದರೂ ಸಾಕು, ಪರದೆಯ ಮೇಲೆ ಮುಖ ತೋರಿಸಿದರೂ ನಡೆಯುತ್ತದೆ ಎಂದಾಯಿತು. ಕಾಲಕ್ಕೆ ತಕ್ಕ ಮಾತು, ನಿಜ. ಆದರೆ ಹೆಚ್ಚಿನ ಕ್ಲಬ್ಬುಗಳಲ್ಲಿ ಸಡಿಲಿಕೆಯ ಸುದ್ದಿ ಕೇಳಿ ಮೊದಲು ನಿಟ್ಟುಸಿರು ಬಿಟ್ಟವರು ಬರುವವರಲ್ಲ, ಬಾರದವರೇ. ಬರುವವರು ಮುಂದಿನ ವಾರವೂ ಅದೇ ಕುರ್ಚಿಯಲ್ಲಿ ಕುಳಿತಿದ್ದರು.

ಆ ಕುರ್ಚಿಗಳ ಬಗ್ಗೆ ಒಂದು ಮಾತು. ಹೆಸರಿಗೆ ಯಾರು ಎಲ್ಲಿ ಬೇಕಾದರೂ ಕೂರಬಹುದು. ವಾಸ್ತವದಲ್ಲಿ ನಿಕಟಪೂರ್ವ ಅಧ್ಯಕ್ಷರ ಕುರ್ಚಿ ಫ್ಯಾನಿನ ಕೆಳಗಿದೆ, ಖಜಾಂಚಿಯದು ಬಾಗಿಲ ಬಳಿ (ಯಾರೂ ಚಂದಾ ಕೊಡದೆ ತಪ್ಪಿಸಿಕೊಳ್ಳಬಾರದು), ಪ್ರತಿ ಪ್ರಸ್ತಾವವನ್ನೂ ವಿರೋಧಿಸುವ ಹಿರಿಯರದು ಕೊನೆಯ ಸಾಲಿನಲ್ಲಿ. ಒಂದೊಂದು ಕಸುಬಿಗೆ ಒಬ್ಬೊಬ್ಬರೇ ಸದಸ್ಯರು ಎಂಬುದು ರೋಟರಿಯ ಹಳೆಯ ನಿಯಮವಾಗಿತ್ತು. ಈಗ ಅಷ್ಟು ಕಟ್ಟುನಿಟ್ಟಿಲ್ಲವಾದರೂ ದಂತವೈದ್ಯರು, ಲೆಕ್ಕಪರಿಶೋಧಕರು, ಸಿಮೆಂಟ್ ವ್ಯಾಪಾರಿ, ನಿವೃತ್ತ ಪ್ರಾಂಶುಪಾಲರು ಒಂದೇ ಮೇಜಿಗೆ ಕೂರುವ ವಿನ್ಯಾಸ ಉಳಿದಿದೆ. ಹಲ್ಲುನೋವು ಇಲ್ಲದಿರುವಾಗ ದಂತವೈದ್ಯರ ಜೊತೆ ಮಾತನಾಡುವ ಅವಕಾಶ ಬೇರೆಲ್ಲಿ ಸಿಗುತ್ತದೆ?

ಇನ್ನು ದಂಡ. ಲಯನ್ಸ್ ಸಂಸ್ಥೆ 1917ರಲ್ಲಿ, ಅದೂ ಶಿಕಾಗೋದ ವಿಮಾ ವ್ಯವಹಾರಸ್ಥ ಮೆಲ್ವಿನ್ ಜೋನ್ಸ್ ಅವರ ಮುಂದಾಳತ್ವದಲ್ಲಿ ಹುಟ್ಟಿದ್ದು. ಅದರ ಕ್ಲಬ್ಬುಗಳಲ್ಲಿ ‘ಟೇಲ್ ಟ್ವಿಸ್ಟರ್’ ಎಂಬ ಪದಾಧಿಕಾರಿ ಇರುತ್ತಾರೆ. ಸಿಂಹಗಳ ಬಾಲ ತಿರುಚುವುದು ಅವರ ಹೊಣೆ. ಸಭೆ ಸಪ್ಪೆಯಾಗದಂತೆ ನೋಡಿಕೊಳ್ಳುವುದು, ಅದಕ್ಕಾಗಿ ಸದಸ್ಯರಿಗೆ ದಂಡ ಹಾಕುವುದು. ಪಿನ್ ಧರಿಸದೆ ಬಂದರೆ ದಂಡ, ಪತ್ರಿಕೆಯಲ್ಲಿ ಹೆಸರು ಬಂದರೆ ದಂಡ, ಹೊಸ ಕಾರು ಕೊಂಡು ಸುದ್ದಿ ಮುಚ್ಚಿಟ್ಟರೆ ದೊಡ್ಡ ದಂಡ. ಕ್ಲಬ್ಬಿನ ಮಾದರಿ ಉಪನಿಯಮಗಳಲ್ಲಿ ಈ ಹುದ್ದೆಯ ಬಗ್ಗೆ ಬರೆದಿರುವುದು ಯಾವ ಸಂವಿಧಾನ ತಜ್ಞರೂ ತಲೆದೂಗುವಂತಿದೆ. ಅವರ ತೀರ್ಪಿಗೆ ಮೇಲ್ಮನವಿ ಇಲ್ಲ. ಒಂದೇ ಸಭೆಯಲ್ಲಿ ಒಬ್ಬರಿಗೆ ಎರಡಕ್ಕಿಂತ ಹೆಚ್ಚು ಸಲ ದಂಡ ಹಾಕುವಂತಿಲ್ಲ. ಆ ಅಧಿಕಾರಿಗೇ ದಂಡ ವಿಧಿಸಬೇಕಾದರೆ ಹಾಜರಿರುವ ಸದಸ್ಯರೆಲ್ಲರೂ ಒಮ್ಮತದಿಂದ ಒಪ್ಪಬೇಕು. ಬೇರಾವ ವಿಷಯದಲ್ಲೂ ಮೂಡದ ಒಮ್ಮತ ಈ ವಿಷಯದಲ್ಲಿ ಕಣ್ಣು ಮಿಟುಕಿಸುವಷ್ಟರಲ್ಲಿ ಮೂಡುವುದುಂಟು. ಹೊರಗೆ ಹತ್ತಾರು ಜನರ ಮೇಲೆ ಯಜಮಾನಿಕೆ ನಡೆಸುವ ಮನುಷ್ಯ ಇಲ್ಲಿ ಎದ್ದು ನಿಂತು, ಮಾಡದ ತಪ್ಪಿಗೆ ನಗುತ್ತಾ ಜೇಬಿಗೆ ಕೈ ಹಾಕುತ್ತಾನೆ. ವಾರಕ್ಕೊಮ್ಮೆ ಇಷ್ಟು ಹಗುರವಾಗುವ ಅವಕಾಶಕ್ಕೆ ದಂಡ ತೀರಾ ಅಗ್ಗ ಎಂಬುದು ನನ್ನ ಲೆಕ್ಕ.

ಅತಿಥಿ ಭಾಷಣದ ವಿಚಾರದಲ್ಲಿ ಇಷ್ಟು ಔದಾರ್ಯ ಕಷ್ಟ. ಇಪ್ಪತ್ತು ನಿಮಿಷ ಎಂದು ಮೊದಲೇ ತಿಳಿಸಿರುತ್ತಾರೆ. ಆ ಇಪ್ಪತ್ತರಲ್ಲಿ ಎಂಟು ನಿಮಿಷ ಪರಿಚಯ ಮಾಡಿಕೊಡುವವರೇ ತೆಗೆದುಕೊಂಡಿರುತ್ತಾರೆ. ಮೂತ್ರಪಿಂಡದ ಕಲ್ಲು, ಬಾಹ್ಯಾಕಾಶ, ತೆರಿಗೆ ಉಳಿತಾಯ, ಗೀತೆಯ ಸಂದೇಶ ಎಲ್ಲವೂ ಒಂದೊಂದು ವಾರ ಬಂದು ಹೋಗುತ್ತವೆ. ಮರುವಾರದ ವರದಿಯಲ್ಲಿ ಕಾರ್ಯದರ್ಶಿಗಳು ‘ಅತಿಥಿಗಳು ವಿದ್ವತ್ಪೂರ್ಣವಾಗಿ ಮಾತನಾಡಿದರು’ ಎಂದು ಓದಿದರೆ ಭಾಷಣ ಉದ್ದವಾಯಿತೆಂದು ತಿಳಿಯಬೇಕು. ‘ಸದಸ್ಯರು ಆಸಕ್ತಿಯಿಂದ ಚರ್ಚಿಸಿದರು’ ಎಂದರೆ ಶಾಮಿಯಾನದ ಬಾಡಿಗೆಯ ಬಗ್ಗೆ ಜಗಳವಾಯಿತೆಂದು. ಆದರೂ ಭಾಷಣವನ್ನು ನಿಲ್ಲಿಸಿ ಎನ್ನುವ ಧೈರ್ಯ ನನಗಿಲ್ಲ. 1925ರಲ್ಲಿ ಒಹಾಯೋದ ಸೀಡರ್ ಪಾಯಿಂಟ್‌ನಲ್ಲಿ ನಡೆದ ಲಯನ್ಸ್ ಸಮಾವೇಶಕ್ಕೆ ಹೆಲೆನ್ ಕೆಲರ್ ಅತಿಥಿಯಾಗಿ ಬಂದಿದ್ದರು. ಕತ್ತಲೆಯ ವಿರುದ್ಧದ ಹೋರಾಟದಲ್ಲಿ ಅಂಧರ ಪರವಾದ ವೀರರಾಗಿ ಎಂದು ಅವರು ಕೇಳಿಕೊಂಡ ಆ ಒಂದು ಭಾಷಣದಿಂದ ಇಡೀ ಸಂಸ್ಥೆ ಕಣ್ಣಿನ ಕಡೆ ತಿರುಗಿತು. ಇಂದು ಲಯನ್ಸ್ ಹೆಸರಿನಲ್ಲಿ ಕಣ್ಣಿನ ಆಸ್ಪತ್ರೆಗಳು, ನೇತ್ರ ತಪಾಸಣಾ ಶಿಬಿರಗಳು ಕಾಣುವುದು ಅದರ ಫಲ. ಹಾಗಾಗಿ ಮೂತ್ರಪಿಂಡದ ಕಲ್ಲಿನ ಭಾಷಣಕ್ಕೂ ಒಂದು ಕಿವಿ ತೆರೆದಿಟ್ಟಿರುವುದು ಲೇಸು.

ಕ್ಲಬ್ಬಿನ ವರ್ಷ ಜುಲೈ 1ಕ್ಕೆ ಶುರುವಾಗಿ ಜೂನ್ 30ಕ್ಕೆ ಮುಗಿಯುತ್ತದೆ. ಅಂದಿಗೆ ಅಧ್ಯಕ್ಷರೂ ಮುಗಿಯುತ್ತಾರೆ. ಇದು ಬಲು ಜಾಣ ಏರ್ಪಾಡು. ಒಳ್ಳೆಯವರಿಂದ ಒಂದು ವರ್ಷಕ್ಕಿಂತ ಹೆಚ್ಚು ಲಾಭವಿಲ್ಲ, ಅಧಿಕಪ್ರಸಂಗಿಗಳಿಂದ ಒಂದು ವರ್ಷಕ್ಕಿಂತ ಹೆಚ್ಚು ಕಾಟವಿಲ್ಲ. ಇಷ್ಟು ಜಾಣತನ ಇದ್ದವರಿಗೆ ಹೆಂಗಸರನ್ನು ಸದಸ್ಯರಾಗಿ ಸೇರಿಸಿಕೊಳ್ಳಬಹುದೆಂಬುದು ಮಾತ್ರ ಬಹುಕಾಲ ಹೊಳೆಯಲಿಲ್ಲ. ಕ್ಯಾಲಿಫೋರ್ನಿಯಾದ ಡುವಾರ್ಟೆ ಎಂಬ ಸಣ್ಣ ಊರಿನ ರೋಟರಿ ಕ್ಲಬ್ ಮಹಿಳೆಯರನ್ನು ಸೇರಿಸಿಕೊಂಡಿತೆಂದು ಅದರ ಮಾನ್ಯತೆಯನ್ನೇ 1978ರಲ್ಲಿ ಕಿತ್ತುಕೊಂಡರು. ವ್ಯಾಜ್ಯ 1987ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನವರೆಗೂ ಹೋಗಿ, ತೀರ್ಪು ಮಹಿಳೆಯರ ಪರವಾಗಿ ಬಂತು. ಲಯನ್ಸ್ ಅದೇ ವರ್ಷ ಬಾಗಿಲು ತೆರೆಯಿತು. ರೋಟರಿ 1989ರಲ್ಲಿ ತನ್ನ ನಿಯಮವನ್ನೇ ತಿದ್ದಿತು. ಅಲ್ಲಿಯವರೆಗೂ ಸದಸ್ಯರ ‘ಕುಟುಂಬದವರು’ ಎಂಬ ಹೆಸರಿನಲ್ಲಿ ಅರ್ಧ ಕೆಲಸ ಮಾಡಿಕೊಂಡು ಬಂದಿದ್ದವರು ಯಾರೆಂದು ಹೇಳಬೇಕಾಗಿಲ್ಲ.

ಸಭೆಯ ನಿಜವಾದ ಕೆಲಸ ನಡೆಯುವುದು ವಂದನಾರ್ಪಣೆಗೆ ಸ್ವಲ್ಪ ಮೊದಲು, ಎಲ್ಲರೂ ಚೀಲ ಎತ್ತಿಕೊಳ್ಳುವ ಹೊತ್ತಿನಲ್ಲಿ. ‘ಭಾನುವಾರ ಬೆಳಿಗ್ಗೆ ಏಳು ಗಂಟೆಗೆ ಕಣ್ಣಿನ ಶಿಬಿರ. ಯಾರು ಯಾರು ಬರುತ್ತೀರಿ?’ ಎಂದು ಕಾರ್ಯದರ್ಶಿಗಳು ಕೇಳುತ್ತಾರೆ. ಒಂದು ಕ್ಷಣ ಎಲ್ಲರಿಗೂ ತಮ್ಮ ಮೊಬೈಲಿನಲ್ಲಿ ಏನೋ ತುರ್ತಿನ ಸಂದೇಶ ಕಾಣುತ್ತದೆ. ಅಷ್ಟರಲ್ಲಿ ದಂತವೈದ್ಯರು ಕೈ ಎತ್ತುತ್ತಾರೆ. ಎತ್ತಿ, ಪಕ್ಕದ ಸಿಮೆಂಟ್ ವ್ಯಾಪಾರಿಯ ಮುಖ ನೋಡುತ್ತಾರೆ. ಆತ ಬೇರೆಯವರಿಗಾದರೆ ಇಲ್ಲವೆನ್ನಬಹುದಿತ್ತು. ವರ್ಷಗಟ್ಟಲೆ ಪ್ರತಿ ವಾರ ಪಕ್ಕದಲ್ಲೇ ಕುಳಿತು ದಂಡ ಕಟ್ಟಿದ ಮನುಷ್ಯನಿಗೆ ಹೇಗೆ ಇಲ್ಲವೆನ್ನುವುದು? ಆತನ ಕೈಯೂ ಏಳುತ್ತದೆ. ಹಾಜರಿ ಪುಸ್ತಕ ಕಾದು ಕುಳಿತದ್ದು ಈ ಮುಲಾಜಿಗಾಗಿ. 1979ರಲ್ಲಿ ಫಿಲಿಪ್ಪೀನ್ಸ್‌ನ ಮಕ್ಕಳಿಗೆ ಪೋಲಿಯೊ ಹನಿ ಹಾಕಿಸಲು ಹೊರಟ ರೋಟರಿ, 1985ರಲ್ಲಿ ಇಡೀ ಜಗತ್ತಿನ ಪೋಲಿಯೊ ಹೊಣೆಗೆ ಕೈ ಜೋಡಿಸಿತು. 1988ರಲ್ಲಿ 125 ದೇಶಗಳಲ್ಲಿ ವರ್ಷಕ್ಕೆ ಸುಮಾರು 3.5 ಲಕ್ಷ ಮಕ್ಕಳನ್ನು ಕಾಡುತ್ತಿದ್ದ ರೋಗ ಈಗ ಬೆರಳೆಣಿಕೆಯ ದೇಶಗಳಿಗೆ ಇಳಿದಿದೆ. ವಿಜ್ಞಾನಿಗಳು, ಸರ್ಕಾರಗಳು, ಹಣ ಎಲ್ಲವೂ ಅದರಲ್ಲಿವೆ. ಭಾನುವಾರ ಬೆಳಿಗ್ಗೆ ಲಸಿಕಾ ಕೇಂದ್ರದಲ್ಲಿ ನಿಂತವರಲ್ಲಿ ಪಕ್ಕದ ಕುರ್ಚಿಯವರ ಮುಲಾಜಿಗೆ ಬಂದವರೂ ಕಡಿಮೆ ಇರಲಾರರು.

ಶಿಬಿರದ ದಿನ ಏಳಕ್ಕೆ ಇಬ್ಬರೂ ಹಾಜರು. ನಿವೃತ್ತ ಪ್ರಾಂಶುಪಾಲರು ಸಾಲು ನಿಲ್ಲಿಸುತ್ತಾರೆ, ಶಿಸ್ತು ತಪ್ಪಿದವರಿಗೆ ಹಳೆಯ ದನಿಯಲ್ಲೇ ಗದರುತ್ತಾರೆ. ಲೆಕ್ಕಪರಿಶೋಧಕರು ಚೀಟಿಗೆ ನಂಬರು ಹಾಕುತ್ತಾರೆ. ಕೊನೆಯ ಸಾಲಿನಿಂದ ಪ್ರಸ್ತಾವವನ್ನು ವಿರೋಧಿಸಿದ್ದ ಹಿರಿಯರು ಎಲ್ಲರಿಗಿಂತ ಮೊದಲು ಬಂದು, ಅಕ್ಷರಫಲಕ ಹಾಕಿದ ದೂರ ತಪ್ಪಾಗಿದೆಯೆಂದು ಟೇಪು ಹಿಡಿದು ಸಾಧಿಸುತ್ತಿರುತ್ತಾರೆ. ಅಳೆದರೆ ಅವರದೇ ಸರಿ. ಅಧ್ಯಕ್ಷರು ಬರುವುದು ಏಳೂವರೆಗೆ, ಛಾಯಾಗ್ರಾಹಕನ ಜೊತೆಗೆ. ಟೇಲ್ ಟ್ವಿಸ್ಟರ್ ಆಗಲೇ ಬಾಗಿಲಲ್ಲಿ ಡಬ್ಬಿ ಹಿಡಿದು ನಿಂತಿರುತ್ತಾರೆ. ತಡವಾಗಿ ಬಂದದ್ದಕ್ಕೆ ಒಂದು ದಂಡ, ಛಾಯಾಗ್ರಾಹಕನನ್ನು ಕರೆತಂದದ್ದಕ್ಕೆ ಇನ್ನೊಂದು. ಮೂರನೆಯದಕ್ಕೂ ಕಾರಣ ಸಿಕ್ಕಿರುತ್ತದೆ. ಉಪನಿಯಮ ಅಡ್ಡ ಬರುತ್ತದೆ.