ಅಂಟು ಹಚ್ಚುವ ಮೊದಲು

ಕಾಸರಗೋಡಿನ ಕನ್ನಡ ಮಕ್ಕಳಿಗೆ, ಬಿಡಿ ಚೂರುಗಳನ್ನು ಅಂಟಿಸಿ ಚಿತ್ರ ಮಾಡುವ ಕಲೆಗೆ ಕೊಲಾಜ್ ಎಂಬ ಹೆಸರು ತಿಳಿಯುವ ಮೊದಲೇ ಅದರ ಅರ್ಧ ಕೆಲಸ ಕೈಗೆ ಹತ್ತಿರುತ್ತದೆ, ಏಕೆಂದರೆ ಓಣಂ ಹೊತ್ತಿಗೆ ಶಾಲೆಯ ಜಗಲಿಯಲ್ಲಿ ತುಂಬೆ, ಚೆಂಡುಹೂ, ದಾಸವಾಳಗಳ ಎಸಳು ಬಿಡಿಸಿ ಪೂಕಳಂ ಎಂಬ ಹೂವಿನ ರಂಗೋಲಿ ಹಾಕುವಾಗ ಅವರು ಮಾಡುವುದೂ ಬಿಡಿ ತುಣುಕುಗಳನ್ನು ಹೊಂದಿಸುವ ಕೆಲಸವನ್ನೇ. ಬೆಂಗಳೂರಿನ ನೆಂಟರ ಮನೆಗಳಲ್ಲಿ ಇದೇ ಪ್ರಾಯದ ಮಕ್ಕಳಿಗೆ ಸಿಗುವುದು ಕ್ರಾಫ್ಟ್ ಕಿಟ್: ಬೆನ್ನಿಗೆ ಅಂಟು ಹಚ್ಚಿಯೇ ಬರುವ ತುಣುಕುಗಳು ಮತ್ತು ಯಾವುದನ್ನು ಎಲ್ಲಿ ಅಂಟಿಸಬೇಕೆಂದು ಸಂಖ್ಯೆ ಹಾಕಿದ ಹಾಳೆ.

ನನ್ನ ಒಲವು ಪೂಕಳಂ ಕಡೆಗೆ, ಆದರೆ ಪೂರ್ತಿಯಾಗಿ ಅಲ್ಲ. ಅದರಲ್ಲಿ ಅಂಟಿಲ್ಲ ಎಂಬುದೇ ಅದರ ದೊಡ್ಡ ಗುಣ. ಇಟ್ಟದ್ದು ಸರಿ ಕಾಣದಿದ್ದರೆ ಮಗು ಬೆರಳಿನಿಂದ ಸರಿಸಿ ಮತ್ತೊಮ್ಮೆ ಇಡಬಹುದು. ಕೊರತೆಯೆಂದರೆ, ಸೀಮೆಸುಣ್ಣದ ವೃತ್ತವನ್ನು ಬರೆದುಕೊಡುವವರು ಹಿರಿಯರು. ಎರಡೂ ಕಡೆಯ ತರಗತಿಗಳಲ್ಲಿ ಕೊಲಾಜ್ ಎಂದು ನಡೆಯುವುದೂ ಹೆಚ್ಚಾಗಿ ಹೀಗೆಯೇ, ನವಿಲಿನ ಗೆರೆಚಿತ್ರದೊಳಗೆ ಕಾಗದದ ಚೂರು ತುಂಬುವುದು. 1912ರಲ್ಲಿ ಚಿತ್ರಕಾರರಾದ ಪಿಕಾಸೊ ಬೆತ್ತದ ಹೆಣಿಗೆ ಮುದ್ರಿಸಿದ ಎಣ್ಣೆಬಟ್ಟೆಯನ್ನೂ ಬ್ರಾಕ್ ಮರದಂತೆ ಕಾಣುವ ಗೋಡೆಕಾಗದವನ್ನೂ ಚಿತ್ರಕ್ಕೆ ಅಂಟಿಸಿದಾಗ, ಆ ವಸ್ತುಗಳು ತಮ್ಮ ಗುರುತು ಉಳಿಸಿಕೊಂಡೇ ಬೇರೆ ಏನೋ ಆದವು. ನವಿಲಿನ ಹೊಟ್ಟೆ ಸೇರಿದ ಚೂರಿಗೆ ಬಣ್ಣವಾಗುವುದರ ಹೊರತು ಬೇರೆ ಕೆಲಸವಿಲ್ಲ.

ಆದ್ದರಿಂದ ಖಾಲಿ ರಟ್ಟನ್ನೇ ಕೊಡಬೇಕು, ಮದುವೆಯ ಕರೆಯೋಲೆಯ ಹಿಂಬದಿಯಾದರೂ ಸಾಕು. ನಮ್ಮಲ್ಲಿ ಸಾಮಗ್ರಿಗೆ ಬರವಿಲ್ಲ. ಒಂದು ಮೈ ನುಣುಪಾಗಿಯೂ ಇನ್ನೊಂದು ಗೆರೆಗೆರೆಯಾಗಿಯೂ ಇರುವ ಅಡಿಕೆ ಹಾಳೆ, ದರ್ಜಿಯ ಅಂಗಡಿಯ ಬಟ್ಟೆಚೂರು, ತೆಂಗಿನ ನಾರು, ಜೊತೆಗೆ ಕನ್ನಡ ಮತ್ತು ಮಲಯಾಳ ಪತ್ರಿಕೆಗಳು. ಓದು ಬಾರದ ಮಗುವಿಗೆ ಎರಡು ಲಿಪಿಗಳೂ ಬರಿಯ ದುಂಡು ಆಕಾರಗಳು. ಗಡಿಯ ವಾದಗಳು ಅದಕ್ಕಿನ್ನೂ ತಿಳಿಯವು. ಕತ್ತರಿಗೆ ಅವಸರ ಬೇಡ. ಪತ್ರಿಕೆ ಒಂದು ದಿಕ್ಕಿನಲ್ಲಿ ನೇರವಾಗಿ, ಇನ್ನೊಂದರಲ್ಲಿ ಅಡ್ಡಾದಿಡ್ಡಿಯಾಗಿ ಹರಿಯುತ್ತದೆಂಬುದನ್ನು ಮಗು ತಾನೇ ಕಂಡುಕೊಳ್ಳಲಿ, ಬೆರಳುಗಳ ಹಿಡಿತವೂ ಅದರಿಂದಲೇ ಬಲಿಯುತ್ತದೆ. ಬೀಜಗಳ ವಿಷಯದಲ್ಲಿ ಮಾತ್ರ ನಾನು ಕಟ್ಟುನಿಟ್ಟು. ಮೂರು ವರ್ಷದೊಳಗಿನ ಮಕ್ಕಳಿಗೆ ಬಾಯಿಗೆ ಹೋಗುವ ಯಾವ ಕಾಳೂ ಬೇಡ, ವಿಷವಿರುವ ಗುಲಗಂಜಿಯಂತೂ ಯಾವ ವಯಸ್ಸಿನಲ್ಲೂ ಬೇಡ.

ಅಂಟಿನ ಬಟ್ಟಲು ಕೊನೆಗೆ ಬರಲಿ. ತುಣುಕುಗಳನ್ನು ಪೂಕಳದಂತೆ ಹಲವು ಬಾರಿ ಇಟ್ಟು, ತೆಗೆದು, ಇನ್ನು ಇದೇ ಇರಲಿ ಎಂದು ಮಗು ಹೇಳಿದ ಮೇಲೆ ಕೊಟ್ಟರಾಯಿತು. ನೀರಿನಲ್ಲಿ ಕುದಿಸಿದ ಮೈದಾ ಸಾಕು, ಮಳೆಗಾಲದಲ್ಲಿ ಅದು ಬೇಗ ಹಳಸುವುದರಿಂದ ಆಯಾ ದಿನವೇ ಮಾಡಿಕೊಳ್ಳಬೇಕು. ಪುಸ್ತಕ ಕಟ್ಟುವವರು ಹುಳ ಹಿಡಿಯದಂತೆ ಮೈದಾ ಅಂಟಿಗೆ ಮೈಲುತುತ್ತ (ತಾಮ್ರದ ಸಲ್ಫೇಟ್) ಬೆರೆಸುವುದುಂಟು. ಕೊಳೆರೋಗಕ್ಕೆ ಅದರಿಂದ ತಯಾರಿಸುವ ಬೋರ್ಡೋ ದ್ರಾವಣ ಸಿಂಪಡಿಸುವ ನಮ್ಮ ಅಡಿಕೆ ತೋಟದ ಮನೆಗಳಲ್ಲಿ ಅದು ಕೈಗೆಟುಕುವಷ್ಟು ಹತ್ತಿರವೇ ಇರುತ್ತದೆ. ವಿಷವಾದ್ದರಿಂದ ಮಕ್ಕಳ ಅಂಟಿಗೆ ಅದನ್ನು ಒಂದು ಚಿಟಿಕೆಯೂ ಹಾಕಬಾರದು.